ಅಂತರಜಾಲದಲ್ಲಿ ತಿಂಡಿ-ಊಟದ ಆರ್ಡರು: ದತ್ತಾಂಶದ ಕೋಷ್ಟಕಗಳನ್ನು ರೂಪಿಸುವ ಬಗೆ

ಹೋಟೆಲು, ಖಾನಾವಳಿ, ಬೇಕರಿ ಹಾಗೂ ಸಿದ್ಧ ತಿನಿಸುಗಳ ತಯಾರಿಕೆಯಲ್ಲಿ ತೊಡಗಿರುವ ಅನೇಕ ಸದಸ್ಯರು ಸ್ವಂತ ಜಾಲತಾಣದ ಮೂಲಕ ಆರ್ಡರು ಪಡೆಯುವ ವ್ಯವಸ್ಥೆಯನ್ನು ಮಾಡಿಕೊಳ್ಳಲು ಮುಂದಾಗುತ್ತಿದ್ದಾರೆ. ಇದಕ್ಕಾಗಿ ತಂತ್ರಾಂಶ ತಯಾರಕರಿಂದ ದರಪಟ್ಟಿ ತರಿಸಿಕೊಂಡಾಗ ಅದರಲ್ಲಿ ಪುಟಗಳ ಸಂಖ್ಯೆ, ಬಣ್ಣ, ಛಾಯಾಚಿತ್ರ, ಮೊಬೈಲಿನಲ್ಲಿ ಕಾಣುವ ಅಂದ ಇವುಗಳ ವಿವರವೇ ತುಂಬಿರುತ್ತದೆ. ಗ್ರಾಹಕನ ಕಣ್ಣಿಗೆ ಬೀಳುವುದು ಇವೇ ಆದುದರಿಂದ ಮಾಲೀಕರ ಗಮನವೂ ಸಹಜವಾಗಿ ಅತ್ತಲೇ ಹರಿಯುತ್ತದೆ. ಆದರೆ ಆರು ತಿಂಗಳ ನಂತರ ಗಲ್ಲಾಪೆಟ್ಟಿಗೆಯ ಹಣಕ್ಕೂ ಗಣಕಯಂತ್ರ ತೋರಿಸುವ ಮಾರಾಟಕ್ಕೂ ತಾಳೆಯಾಗದಿದ್ದಾಗ, ಅಥವಾ ತೆರಿಗೆಯ ವಿವರಪಟ್ಟಿ ಸಲ್ಲಿಸುವ ಹೊತ್ತಿಗೆ ಹಳೆಯ ಬಿಲ್ಲುಗಳ ಮೊತ್ತವೇ ಬದಲಾಗಿ ಕಂಡಾಗ, ದೋಷವಿರುವುದು ಬಣ್ಣದಲ್ಲಲ್ಲ. ಒಳಗೆ ಮಾಹಿತಿಯನ್ನು ಸಂಗ್ರಹಿಸಿಡುವ ಕೋಷ್ಟಕಗಳ ರಚನೆಯಲ್ಲಿ.

ಗೋದಾಮು ಕಟ್ಟಿಸುವವನು ಎಂಜಿನಿಯರ್ ಆಗಬೇಕಾಗಿಲ್ಲ. ಆದರೂ ನಕ್ಷೆಯನ್ನು ಹರಡಿಕೊಂಡು ಲಾರಿ ಎಲ್ಲಿ ತಿರುಗುತ್ತದೆ, ಮಳೆನೀರು ಎತ್ತ ಹರಿಯುತ್ತದೆ ಎಂದು ಕೇಳಿಯೇ ಕೇಳುತ್ತಾನೆ. ಕೋಷ್ಟಕಗಳ ನಕ್ಷೆಯನ್ನೂ ಅದೇ ರೀತಿ ನೋಡಲು ಸಾಧ್ಯವಿದೆ. ಕ್ರಮವಿಧಿ ಬರೆಯುವುದನ್ನು ಕಲಿಸುವ ಉದ್ದೇಶ ಈ ಲೇಖನಕ್ಕಿಲ್ಲ; ಒಪ್ಪಿಗೆಯ ಸಹಿ ಹಾಕುವ ಮುನ್ನ ಮಾಲೀಕನು ಏನನ್ನು ಕೇಳಬೇಕು, ಏಕೆ ಕೇಳಬೇಕು ಎಂಬುದನ್ನು ತಿಳಿಸುವುದಷ್ಟೇ ಇದರ ಉದ್ದೇಶ.

ಉದಾಹರಣೆಗೆ ದಾವಣಗೆರೆಯ ಒಂದು ಬೆಣ್ಣೆ ದೋಸೆಯ ಹೋಟೆಲನ್ನು ಕಲ್ಪಿಸಿಕೊಳ್ಳೋಣ. ಊರಿನಲ್ಲಿ ಎರಡು ಶಾಖೆಗಳಿವೆ. ದೋಸೆ, ಕಾಫಿಯ ಜೊತೆಗೆ ಚಟ್ನಿಪುಡಿ ಮತ್ತು ಖಾರದ ಪೊಟ್ಟಣಗಳನ್ನೂ ತಯಾರಿಸಿ ಮಾರುತ್ತಾರೆ. ಕೆಳಗೆ ಬರುವ ಬೆಲೆ ಹಾಗೂ ಮಾರಾಟದ ಅಂಕಿಗಳೆಲ್ಲ ವಿವರಣೆಗಾಗಿ ಹಾಕಿಕೊಂಡವು.

ಒಂದೇ ಹಾಳೆಯ ಲೆಕ್ಕ

ಹೆಚ್ಚಿನವರು ಆರಂಭಿಸುವುದು ಗಣಕಯಂತ್ರದಲ್ಲಿರುವ ಒಂದು ಉದ್ದನೆಯ ಹಾಳೆಯಿಂದ. ದಿನಾಂಕ, ಗ್ರಾಹಕನ ಹೆಸರು, ದೂರವಾಣಿ, ವಿಳಾಸ, ಬೇಕಾದ ತಿನಿಸುಗಳು, ಮೊತ್ತ, ಹಣ ಬಂದಿದೆಯೇ ಇಲ್ಲವೇ ಎಂಬ ಅಂಕಣಗಳು. ಒಂದು ಆರ್ಡರಿಗೆ ಒಂದು ಸಾಲು. ದಿನಕ್ಕೆ ಹತ್ತು ಆರ್ಡರು ಬರುವವರೆಗೆ ಇದರಿಂದ ಕೆಲಸ ನಡೆಯುತ್ತದೆ. ತೊಂದರೆ ಪ್ರಾರಂಭವಾಗುವುದು ಪ್ರಶ್ನೆ ಕೇಳಿದಾಗ. ಕಳೆದ ತಿಂಗಳು ಬೆಣ್ಣೆ ಖಾಲಿ ಎಷ್ಟು ಖರ್ಚಾಯಿತು? ಹಾಳೆಯ ಒಂದೇ ಮನೆಯಲ್ಲಿ ‘ಬೆಣ್ಣೆ ದೋಸೆ 2, ಖಾಲಿ 1, ಕಾಫಿ 3’ ಎಂದು ಬರೆದಿರುವಾಗ ಯಂತ್ರಕ್ಕೆ ಅದೊಂದು ಅಕ್ಷರಗಳ ಸರಮಾಲೆ ಮಾತ್ರ. ಇನ್ನೊಬ್ಬ ನೌಕರ ಅದನ್ನೇ ‘ಬೆ.ಖಾಲಿ-1’ ಎಂದು ಬರೆದಿದ್ದರೆ ಎಣಿಕೆ ಇನ್ನಷ್ಟು ದೂರ.

ಅದೇ ಗ್ರಾಹಕನು ಮೂವತ್ತು ಬಾರಿ ಆರ್ಡರು ಕೊಟ್ಟಿದ್ದರೆ ಅವನ ವಿಳಾಸವೂ ಮೂವತ್ತು ಬಾರಿ ಬರೆಯಲ್ಪಟ್ಟಿರುತ್ತದೆ. ಅವನು ಮನೆ ಬದಲಿಸಿದಾಗ ಒಂದು ಸಾಲಿನಲ್ಲಿ ತಿದ್ದಿ ಉಳಿದವುಗಳಲ್ಲಿ ಬಿಟ್ಟರೆ ಯಾವುದು ನಿಜವೆಂದು ಹೇಳುವವರಿಲ್ಲ. ಹೊಸ ತಿನಿಸೊಂದನ್ನು ಪಟ್ಟಿಗೆ ಸೇರಿಸೋಣವೆಂದರೆ ಯಾರಾದರೂ ಆರ್ಡರು ಕೊಡುವವರೆಗೆ ಅದನ್ನು ಬರೆಯಲು ಜಾಗವಿಲ್ಲ. ಒಬ್ಬ ಗ್ರಾಹಕನ ಏಕೈಕ ಆರ್ಡರನ್ನು ಅಳಿಸಿದರೆ ಅವನ ದೂರವಾಣಿ ಸಂಖ್ಯೆಯೂ ಅದರೊಡನೆ ಅಳಿಸಿಹೋಗುತ್ತದೆ. ತಿದ್ದುವಾಗ, ಸೇರಿಸುವಾಗ, ಅಳಿಸುವಾಗ ಉಂಟಾಗುವ ಈ ಮೂರು ಬಗೆಯ ಕೆಡಕುಗಳಿಗೂ ಮೂಲ ಒಂದೇ: ಸಂಬಂಧವಿಲ್ಲದ ಸಂಗತಿಗಳನ್ನು ಒಂದೇ ಸಾಲಿನಲ್ಲಿ ಕಟ್ಟಿಹಾಕಿರುವುದು.

ಇದಕ್ಕೆ ಶಾಸ್ತ್ರೀಯ ಪರಿಹಾರವನ್ನು ಸೂಚಿಸಿದವರು ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್. 1970ರಲ್ಲಿ ಪ್ರಕಟವಾದ ಅವರ ಪ್ರಬಂಧವು, ಮಾಹಿತಿಯನ್ನು ಸರಳ ಕೋಷ್ಟಕಗಳಾಗಿ ವಿಂಗಡಿಸಿ ಅವುಗಳ ನಡುವೆ ಕೇವಲ ಮೌಲ್ಯಗಳ ಮೂಲಕ ಸಂಬಂಧ ಕಲ್ಪಿಸುವ ವಿಧಾನವನ್ನು ಮುಂದಿಟ್ಟಿತು. ಈ ಕಾರ್ಯಕ್ಕಾಗಿ ಅವರಿಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಇಂದು ಬಳಕೆಯಲ್ಲಿರುವ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಎಸ್‌ಕ್ಯೂಎಲ್, ಒರ್ಯಾಕಲ್ ಮುಂತಾದ ದತ್ತಸಂಚಯ ತಂತ್ರಾಂಶಗಳೆಲ್ಲ ಆ ತತ್ತ್ವದ ಮೇಲೆಯೇ ನಿಂತಿವೆ. ಇವುಗಳಲ್ಲಿ ಮೊದಲ ಎರಡನ್ನು ಪರವಾನಗಿ ಶುಲ್ಕವಿಲ್ಲದೆ ಪಡೆಯಬಹುದಾದುದರಿಂದ ಸಣ್ಣ ಉದ್ದಿಮೆಗೆ ತಂತ್ರಾಂಶದ ಬೆಲೆಯೇ ಅಡ್ಡಿಯಾಗಬೇಕಿಲ್ಲ.

ವರ್ತಕರಿಗೆ ಈ ತತ್ತ್ವ ತೀರ ಹೊಸದೇನಲ್ಲ. ಕಿರ್ದಿಯಲ್ಲಿ ಪ್ರತಿ ನಮೂದಿನ ಪಕ್ಕದಲ್ಲಿ ಖಾತೆ ಪುಸ್ತಕದ ಪುಟಸಂಖ್ಯೆಯನ್ನು ಬರೆಯುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ಇದೆ. ಗಿರಾಕಿಯ ಪೂರ್ಣ ವಿವರವನ್ನು ಕಿರ್ದಿಯಲ್ಲಿ ಮತ್ತೆ ಮತ್ತೆ ಬರೆಯುವುದಿಲ್ಲ. ಪುಟಸಂಖ್ಯೆಯೇ ಅವನ ಖಾತೆಗೆ ದಾರಿ ತೋರಿಸುತ್ತದೆ. ದತ್ತಸಂಚಯದಲ್ಲಿ ಪ್ರತಿ ಸಾಲಿಗೆ ನೀಡುವ ವಿಶಿಷ್ಟ ಸಂಖ್ಯೆಗೆ ಪ್ರೈಮರಿ ಕೀ, ಅಂದರೆ ಪ್ರಧಾನ ಕೀಲಿ ಎಂದು ಹೆಸರು. ಅದೇ ಸಂಖ್ಯೆಯನ್ನು ಇನ್ನೊಂದು ಕೋಷ್ಟಕದಲ್ಲಿ ಉಲ್ಲೇಖಕ್ಕಾಗಿ ಬರೆದಾಗ ಅದು ಫಾರಿನ್ ಕೀ. ಪುಸ್ತಕಕ್ಕಿಂತ ಇಲ್ಲಿ ಒಂದು ಅನುಕೂಲ ಹೆಚ್ಚು: ಖಾತೆ ಪುಸ್ತಕದಲ್ಲಿ ಇಲ್ಲದ ಪುಟಸಂಖ್ಯೆಯನ್ನು ಕಿರ್ದಿಯಲ್ಲಿ ಬರೆದರೆ ಯಾರೂ ತಡೆಯುವುದಿಲ್ಲ, ಫಾರಿನ್ ಕೀ ವಿಧಿಸಿದ ದತ್ತಸಂಚಯವು ಇಲ್ಲದ ಗ್ರಾಹಕನ ಹೆಸರಿಗೆ ಆರ್ಡರು ಬರೆಯಲು ಬಿಡುವುದಿಲ್ಲ. ಕೆಲವು ತಯಾರಕರು ವೇಗದ ನೆಪದಲ್ಲಿ ಈ ನಿರ್ಬಂಧವನ್ನು ಕೈಬಿಡುತ್ತಾರೆ. ಸಣ್ಣ ಹೋಟೆಲಿನ ವ್ಯವಹಾರದಲ್ಲಿ ಆ ವೇಗದಿಂದ ದೊರೆಯುವ ಲಾಭ ಶೂನ್ಯಕ್ಕೆ ಸಮ.

ಗ್ರಾಹಕ, ಶಾಖೆ, ತಿನಿಸು

ಮೊದಲು ಸ್ಥಿರವಾದ ಸಂಗತಿಗಳ ಕೋಷ್ಟಕಗಳು. ಗ್ರಾಹಕರ ಕೋಷ್ಟಕದಲ್ಲಿ ಗ್ರಾಹಕ ಸಂಖ್ಯೆ, ಹೆಸರು, ಮೊಬೈಲ್ ಸಂಖ್ಯೆ ಇಷ್ಟಿದ್ದರೆ ಸಾಕು. ಮೊಬೈಲ್ ಸಂಖ್ಯೆಯನ್ನೇ ಪ್ರಧಾನ ಕೀಲಿಯಾಗಿ ಬಳಸುವ ಪ್ರಲೋಭನೆ ಉಂಟಾಗುತ್ತದೆ, ಅದನ್ನು ತಡೆಯಬೇಕು. ಜನ ಸಂಖ್ಯೆ ಬದಲಿಸುತ್ತಾರೆ. ಬಿಟ್ಟ ಸಂಖ್ಯೆಯನ್ನು ದೂರವಾಣಿ ಕಂಪನಿಯು ಕೆಲಕಾಲದ ನಂತರ ಬೇರೊಬ್ಬರಿಗೆ ಕೊಡುತ್ತದೆ. ಆಗ ಹಳೆಯ ಗ್ರಾಹಕನ ಬಾಕಿ ಹೊಸಬನ ತಲೆಗೆ ಬರುತ್ತದೆ. ದೂರವಾಣಿ ಸಂಖ್ಯೆಯನ್ನು ಅಂಕಿಯಾಗಿಯಲ್ಲದೆ ಅಕ್ಷರ ರೂಪದಲ್ಲಿಯೇ ಇಡಬೇಕೆಂಬುದು ಇನ್ನೊಂದು ಮಾತು: ಅಂಕಿಯಾಗಿ ಇಟ್ಟರೆ ಸ್ಥಿರ ದೂರವಾಣಿಯ 080 ಎಂಬ ಸಂಕೇತದ ಮೊದಲ ಸೊನ್ನೆ ಹಾರಿಹೋಗುತ್ತದೆ. ಕೂಡುವ, ಕಳೆಯುವ ಅಗತ್ಯ ಎಂದೂ ಬಾರದ ಯಾವ ಸಂಖ್ಯೆಯನ್ನೂ ಅಂಕಿಯಾಗಿ ಇಡಬಾರದು.

ಹುಟ್ಟಿದ ದಿನ, ಮದುವೆಯ ದಿನ, ಮಕ್ಕಳ ಹೆಸರು ಎಂದು ಕಂಡದ್ದನ್ನೆಲ್ಲ ಕೇಳಿ ತುಂಬಿಸಿಕೊಳ್ಳುವ ಚಾಳಿ ಬೇಡ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ 2023ರಲ್ಲಿ ಅಂಗೀಕಾರವಾಗಿದೆ. ಗ್ರಾಹಕರ ಮಾಹಿತಿಯನ್ನು ಇಟ್ಟುಕೊಳ್ಳುವವನು ಅದರ ಹೊಣೆಯನ್ನೂ ಹೊರಬೇಕು. ದೋಸೆ ತಲುಪಿಸಲು ಬೇಡವಾದ ವಿವರ ಪೆಟ್ಟಿಗೆಯಲ್ಲಿದ್ದಷ್ಟೂ ಹೊರೆ.

ವಿಳಾಸಗಳಿಗೆ ಪ್ರತ್ಯೇಕ ಕೋಷ್ಟಕವಿರಲಿ. ಒಬ್ಬ ಗ್ರಾಹಕನಿಗೆ ಮನೆ, ಅಂಗಡಿ, ಅತ್ತೆಮನೆ ಹೀಗೆ ಹಲವು ವಿಳಾಸಗಳಿರಬಹುದು. ಆದರೆ ವಿಳಾಸವನ್ನು ಬೀದಿ, ಅಡ್ಡರಸ್ತೆ, ಬಡಾವಣೆ, ಊರು ಎಂದು ಐದು ಕೋಷ್ಟಕಗಳಾಗಿ ಸೀಳುವ ಪಾಂಡಿತ್ಯ ಸಣ್ಣ ವ್ಯವಹಾರಕ್ಕೆ ಬೇಕಿಲ್ಲ. ‘ಗಣಪತಿ ಗುಡಿಯ ಹಿಂದೆ, ನೀಲಿ ಗೇಟು’ ಎಂಬ ಗುರುತು ಯಾವ ಕೋಷ್ಟಕದೊಳಗೂ ಹಿಡಿಸುವುದಿಲ್ಲ. ತಲುಪಿಸುವ ಹುಡುಗನಿಗೆ ಬೇಕಾಗಿರುವುದು ಅದೇ.

ಶಾಖೆಗಳ ಕೋಷ್ಟಕದಲ್ಲಿ ಹೆಸರು, ವಿಳಾಸ, ತೆರೆಯುವ ಹಾಗೂ ಮುಚ್ಚುವ ವೇಳೆಯೊಂದಿಗೆ 14 ಅಂಕಿಗಳ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆಯೂ ಇರಬೇಕು. ಈ ಪರವಾನಗಿ ಆಯಾ ಸ್ಥಳಕ್ಕೆ ಸಂಬಂಧಿಸಿದ್ದು. ಬಿಲ್ಲಿನ ಮೇಲೆ ಅದನ್ನು ನಮೂದಿಸುವುದು 2022ರ ಜನವರಿ 1ರಿಂದ ಕಡ್ಡಾಯವಾಗಿದೆ. ಎರಡನೆಯ ಶಾಖೆಯ ಬಿಲ್ಲಿನಲ್ಲಿ ಮೊದಲನೆಯ ಶಾಖೆಯ ಸಂಖ್ಯೆ ಅಚ್ಚಾಗುತ್ತಿದ್ದರೆ, ಆ ಸಂಖ್ಯೆಯನ್ನು ಕೋಷ್ಟಕದಲ್ಲಿ ಇಡದೆ ಬಿಲ್ಲಿನ ನಮೂನೆಯೊಳಗೇ ಬರೆದುಬಿಟ್ಟಿದ್ದಾರೆಂದು ತಿಳಿಯಬಹುದು.

ತಿನಿಸುಗಳ ಕೋಷ್ಟಕದಲ್ಲಿ ತಿನಿಸಿನ ಸಂಖ್ಯೆ, ಹೆಸರು, ವರ್ಗ, ಸಸ್ಯಾಹಾರವೋ ಮಾಂಸಾಹಾರವೋ ಎಂಬ ಗುರುತು, ಈಗ ಮಾರಾಟದಲ್ಲಿದೆಯೇ ಎಂಬ ಗುರುತು ಇವು ಇರಲಿ. ತಿನಿಸನ್ನು ಪಟ್ಟಿಯಿಂದ ತೆಗೆಯಬೇಕಾದಾಗ ಸಾಲನ್ನು ಅಳಿಸಬಾರದು. ‘ಮಾರಾಟದಲ್ಲಿಲ್ಲ’ ಎಂದು ಗುರುತಿಸಿದರೆ ಸಾಕು. ಹೆಸರನ್ನು ಕನ್ನಡದಲ್ಲಿ ಇಡುವವರು ಯುನಿಕೋಡ್ ಸಂಕೇತದಲ್ಲಿಯೇ ಇಡುವಂತೆ ಷರತ್ತು ಹಾಕಬೇಕು. ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿಟ್ಟ ಪಟ್ಟಿಗಳು ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತವೆ. ಅವುಗಳಲ್ಲಿ ‘ದೋಸೆ’ ಎಂದು ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲೂ ಬರುವುದಿಲ್ಲ. ಯುನಿಕೋಡಿನ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟುಗಳು ಬೇಕಾಗುತ್ತವೆ. ಅಂಕಣದ ಅಳತೆಯನ್ನು ಬೈಟುಗಳಲ್ಲಿ ಗೊತ್ತುಪಡಿಸಿದ್ದರೆ ಉದ್ದನೆಯ ಹೆಸರುಗಳು ನಡುವೆ ತುಂಡಾಗುವ ಸಂಭವವಿದೆ.

ಆರ್ಡರಿನ ತಲೆಬರಹ ಮತ್ತು ಅದರ ಸಾಲುಗಳು

ಈಗ ಇಡೀ ವ್ಯವಸ್ಥೆಯ ನಡುಗಂಬಕ್ಕೆ ಬರೋಣ. ಒಂದು ಆರ್ಡರಿನಲ್ಲಿ ಹಲವು ತಿನಿಸುಗಳಿರುತ್ತವೆ. ಒಂದೇ ತಿನಿಸು ಹಲವು ಆರ್ಡರುಗಳಲ್ಲಿ ಬರುತ್ತದೆ. ಇಂತಹ ಎರಡು ಕಡೆಯ ಬಹುಸಂಬಂಧವನ್ನು ಯಾವುದಾದರೊಂದು ಕೋಷ್ಟಕದಲ್ಲಿ ಅಡಗಿಸಲು ಹೋದರೆ ‘ತಿನಿಸು 1, ತಿನಿಸು 2, ತಿನಿಸು 3’ ಎಂದು ಅಂಕಣಗಳನ್ನು ಬೆಳೆಸಬೇಕಾಗುತ್ತದೆ. ಹತ್ತು ಅಂಕಣ ಇಟ್ಟರೆ ಹನ್ನೊಂದನೆಯ ತಿನಿಸಿನ ಗಿರಾಕಿ ಬಂದೇ ಬರುತ್ತಾನೆ.

ಸರಿಯಾದ ಕ್ರಮವು ನಮ್ಮ ಬಿಲ್ಲು ಪುಸ್ತಕದಲ್ಲೇ ಇದೆ. ಬಿಲ್ಲಿನ ಮೇಲ್ಭಾಗದಲ್ಲಿ ಸಂಖ್ಯೆ, ದಿನಾಂಕ, ಗಿರಾಕಿಯ ಹೆಸರು ಒಮ್ಮೆ ಮಾತ್ರ ಬರುತ್ತವೆ. ಕೆಳಗೆ ಒಂದೊಂದು ಸರಕಿಗೆ ಒಂದೊಂದು ಸಾಲು. ಇದೇ ಪ್ರಕಾರ ಆರ್ಡರುಗಳ ಕೋಷ್ಟಕ ಒಂದು, ಆರ್ಡರಿನ ಸಾಲುಗಳ ಕೋಷ್ಟಕ ಇನ್ನೊಂದು. ಮೊದಲನೆಯದರಲ್ಲಿ ಆರ್ಡರ್ ಸಂಖ್ಯೆ, ಗ್ರಾಹಕ ಸಂಖ್ಯೆ, ಶಾಖೆ, ವೇಳೆ, ತಲುಪಿಸಬೇಕಾದ ವಿಳಾಸ, ಆರ್ಡರು ಬಂದ ಮಾರ್ಗ. ಎರಡನೆಯದರಲ್ಲಿ ಆರ್ಡರ್ ಸಂಖ್ಯೆ, ತಿನಿಸಿನ ಸಂಖ್ಯೆ, ಎಷ್ಟು ಬೇಕು, ಯಾವ ದರ, ಯಾವ ತೆರಿಗೆ. ‘ಬೆಣ್ಣೆ ಜಾಸ್ತಿ’, ‘ಪಲ್ಯ ಬೇರೆ ಕಟ್ಟಿ’ ಎಂಬ ಸೂಚನೆಗಳಲ್ಲಿ ಎರಡು ಜಾತಿ ಇವೆ ಎಂಬುದನ್ನು ಗಮನಿಸಬೇಕು. ಹೆಚ್ಚುವರಿ ಹಣ ಬರುವ ಸೂಚನೆ ಪ್ರತ್ಯೇಕ ಕೋಷ್ಟಕದಲ್ಲಿ ದರದೊಂದಿಗೆ ಇರಬೇಕು. ಹಣವಿಲ್ಲದ ಸೂಚನೆ ಸಾಲಿನ ಪಕ್ಕದ ಟಿಪ್ಪಣಿಯಾಗಿ ಅಡಿಗೆಮನೆಗೆ ಹೋದರೆ ಸಾಕು. ಎರಡನ್ನೂ ಟಿಪ್ಪಣಿಯಲ್ಲೇ ಬರೆಯಿಸುವ ಏರ್ಪಾಡಿದ್ದರೆ ಬೆಣ್ಣೆ ಹೋಗುತ್ತದೆ, ಹಣ ಬರುವುದಿಲ್ಲ.

ಹಳೆಯ ಬಿಲ್ಲು ಬದಲಾಗಬಾರದು

ಆರ್ಡರಿನ ಸಾಲಿನಲ್ಲಿ ದರವನ್ನು ಮತ್ತೆ ಏಕೆ ಬರೆಯಬೇಕು, ತಿನಿಸಿನ ಕೋಷ್ಟಕದಲ್ಲಿ ಅದು ಈಗಾಗಲೇ ಇದೆಯಲ್ಲ ಎಂದು ಪುಸ್ತಕ ಓದಿ ಬಂದ ತರುಣ ತಯಾರಕರು ವಾದಿಸುವುದುಂಟು. ಒಂದೇ ಸಂಗತಿಯನ್ನು ಎರಡು ಕಡೆ ಇಡಬಾರದೆಂಬ ನಿಯಮವನ್ನು ಅವರು ಉದ್ಧರಿಸುತ್ತಾರೆ. ನಿಯಮ ಸರಿ, ಅನ್ವಯ ತಪ್ಪು. ಬೆಣ್ಣೆ ದೋಸೆಯ ಇಂದಿನ ದರ ಒಂದು ಸಂಗತಿ. ಹೋದ ತಿಂಗಳು 2ರಂದು ಈ ಗಿರಾಕಿಗೆ ನಾವು ಮಾರಿದ ದರ ಬೇರೆಯೇ ಸಂಗತಿ. ಅವೆರಡೂ ಒಂದು ದಿನ ಸಮನಾಗಿದ್ದ ಮಾತ್ರಕ್ಕೆ ಒಂದೇ ಆಗುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ತಿಂಗಳ ಮೊದಲಾರ್ಧದಲ್ಲಿ ದೋಸೆಯ ದರ 60 ರೂಪಾಯಿ; 1,200 ದೋಸೆ ಮಾರಾಟವಾಗಿ 72,000 ರೂಪಾಯಿ ಬಂದಿತು. ಬೆಣ್ಣೆಯ ಬೆಲೆ ಏರಿದ್ದರಿಂದ 16ರಂದು ದರವನ್ನು 70ಕ್ಕೆ ಏರಿಸಲಾಯಿತು. ಉತ್ತರಾರ್ಧದಲ್ಲಿ 1,000 ದೋಸೆಗೆ 70,000 ರೂಪಾಯಿ. ಕೈಗೆ ಬಂದ ಹಣ ಒಟ್ಟು 1,42,000 ರೂಪಾಯಿ. ಆದರೆ ದರವು ತಿನಿಸಿನ ಕೋಷ್ಟಕದಲ್ಲಿ ಮಾತ್ರ ಇದ್ದರೆ, ತಿಂಗಳ ಕೊನೆಯಲ್ಲಿ ಯಂತ್ರವು 2,200 ದೋಸೆಗಳನ್ನೂ 70ರಂತೆ ಗುಣಿಸಿ 1,54,000 ರೂಪಾಯಿ ಎಂದು ತೋರಿಸುತ್ತದೆ. ವ್ಯತ್ಯಾಸ 12,000 ರೂಪಾಯಿ. ಬಾರದ ಈ ಹಣದ ಮೇಲೆ ಶೇ. 5ರಂತೆ 600 ರೂಪಾಯಿ ತೆರಿಗೆ ಕಟ್ಟುವುದು ಸಣ್ಣ ನಷ್ಟ. ದೊಡ್ಡ ನಷ್ಟವೆಂದರೆ, 12,000 ರೂಪಾಯಿ ಎಲ್ಲಿ ಹೋಯಿತೆಂಬ ಪ್ರಶ್ನೆ ಗಲ್ಲಾದ ಮೇಲೆ ಕುಳಿತವನ ಕಡೆಗೆ ತಿರುಗುತ್ತದೆ. ಹತ್ತು ವರ್ಷ ನಿಯತ್ತಿನಿಂದ ದುಡಿದ ನೌಕರನ ಮೇಲೆ ಅನುಮಾನ ಬೀಳಲು ಒಂದು ಅಂಕಣದ ಕೊರತೆ ಸಾಕಾಗುತ್ತದೆ. ಯಂತ್ರ ಸುಳ್ಳು ಹೇಳುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ.

ಆದುದರಿಂದ ಆರ್ಡರು ಸ್ವೀಕಾರವಾದ ಕ್ಷಣದಲ್ಲಿ ತಿನಿಸಿನ ಹೆಸರು, ದರ, ತೆರಿಗೆಯ ಪ್ರಮಾಣ ಈ ಮೂರನ್ನೂ ಸಾಲಿನೊಳಗೆ ನಕಲು ಮಾಡಿ ಇಡಬೇಕು. ಆಮೇಲೆ ಅವು ಬದಲಾಗಕೂಡದು. ತಲುಪಿಸುವ ವಿಳಾಸದ ಮಾತೂ ಹೀಗೆಯೇ. ಗ್ರಾಹಕನು ಮುಂದೆ ತನ್ನ ವಿಳಾಸವನ್ನು ತಿದ್ದಿಕೊಂಡರೆ, ಹಿಂದಿನ ಪೊಟ್ಟಣವೂ ಹೊಸ ಮನೆಗೆ ಹೋಗಿತ್ತೆಂದು ದಾಖಲೆ ಹೇಳಬಾರದು.

ಇನ್ನು ಪ್ರಚಲಿತ ದರಗಳಿಗೆ ತಿನಿಸು, ಶಾಖೆ, ಜಾರಿಗೆ ಬರುವ ದಿನಾಂಕ, ದರ ಎಂಬ ನಾಲ್ಕು ಅಂಕಣಗಳ ಪ್ರತ್ಯೇಕ ಕೋಷ್ಟಕ ಮಾಡುವುದು ಲೇಸು. ಎರಡು ಶಾಖೆಗಳಲ್ಲಿ ದರ ಬೇರೆಯಾಗಿರಬಹುದು. ಮುಂದಿನ ತಿಂಗಳ ಮೊದಲ ದಿನದಿಂದ ಏರಿಸುವ ದರವನ್ನು ಈಗಲೇ ಬರೆದಿಡಬಹುದು; ನಡುರಾತ್ರಿ ಎದ್ದು ತಿದ್ದುವ ಕೆಲಸ ತಪ್ಪುತ್ತದೆ.

ತೆರಿಗೆ ಮತ್ತು ಪೈಸೆ

ತೆರಿಗೆಯ ಪ್ರಮಾಣಕ್ಕೂ ಇದೇ ರೀತಿ ದಿನಾಂಕವುಳ್ಳ ಕೋಷ್ಟಕ ಬೇಕೆಂಬುದಕ್ಕೆ ಇತ್ತೀಚಿನ ವರ್ಷಗಳೇ ಸಾಕ್ಷಿ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದಾಗ ಹವಾನಿಯಂತ್ರಣವಿಲ್ಲದ ಉಪಾಹಾರ ಗೃಹಗಳಿಗೆ ಶೇ. 12, ಹವಾನಿಯಂತ್ರಿತವಾದವುಗಳಿಗೆ ಶೇ. 18 ಇತ್ತು. ನಾಲ್ಕೂವರೆ ತಿಂಗಳಲ್ಲೇ, ಅಂದರೆ ನವೆಂಬರ್ 15ರಿಂದ, ಹೂಡುವಳಿ ತೆರಿಗೆಯ ಜಮೆ ಇಲ್ಲದೆ ಶೇ. 5 ಎಂದಾಯಿತು. ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿ ಮಾರುವ ಖಾರ, ಮಿಕ್ಸ್‌ಚರ್‌ಗಳ ಮೇಲಿನ ಶೇ. 12ರ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಯಿತು. ಸೆಪ್ಟೆಂಬರ್ 20ರಂದು ಮಾರಿದ ಪೊಟ್ಟಣವನ್ನು ಗಿರಾಕಿ ಅಕ್ಟೋಬರಿನಲ್ಲಿ ಹಿಂತಿರುಗಿಸಿದರೆ ಅವನಿಗೆ ಮರಳಿಸಬೇಕಾದ ತೆರಿಗೆ ಶೇ. 12ರದು. ಸಾಲಿನೊಳಗೆ ಆ ಪ್ರಮಾಣ ನಕಲಾಗಿದ್ದರೆ ಚರ್ಚೆಯೇ ಇಲ್ಲ.

ಆರ್ಡರು ಬಂದ ಮಾರ್ಗವನ್ನು ನಮೂದಿಸುವ ಅಂಕಣದ ಬಗೆಗೆ ಮೇಲೆ ಹೇಳಿದೆ. ಇದನ್ನು ಹಲವರು ಅಲಕ್ಷಿಸುತ್ತಾರೆ. ಸ್ವಂತ ಜಾಲತಾಣ, ದೂರವಾಣಿ, ಅಂಗಡಿಯ ಕಟ್ಟೆ, ಸ್ವಿಗ್ಗಿ, ಜೊಮ್ಯಾಟೊ ಹೀಗೆ ಮಾರ್ಗಗಳು ಹಲವು. 2022ರ ಜನವರಿ 1ರಿಂದ, ಇಂತಹ ಇ-ವಾಣಿಜ್ಯ ಮಧ್ಯವರ್ತಿಗಳ ಮೂಲಕ ಒದಗಿಸುವ ಸಾಮಾನ್ಯ ಉಪಾಹಾರ ಗೃಹದ ಸೇವೆಯ ಮೇಲಿನ ತೆರಿಗೆಯನ್ನು ಆ ಮಧ್ಯವರ್ತಿಯೇ ಕಟ್ಟಬೇಕು. ಸ್ವಂತ ಜಾಲತಾಣದ ಮೂಲಕ ಮಾರಿದ್ದಕ್ಕೆ ನಾವೇ ಕಟ್ಟಬೇಕು. ಅದೇ ಮಧ್ಯವರ್ತಿಯ ಮೂಲಕ ಸರಕಾಗಿ ಮಾರಿದ ಚಟ್ನಿಪುಡಿಯ ಪೊಟ್ಟಣಕ್ಕೆ ಈ ಏರ್ಪಾಡು ಅನ್ವಯಿಸುವುದಿಲ್ಲ. ಅಂದಮೇಲೆ ಮಾರ್ಗ ಯಾವುದು ಎಂಬುದು ಆರ್ಡರಿನ ತಲೆಬರಹದಲ್ಲೂ, ಮಾರಿದ್ದು ಸೇವೆಯೋ ಸರಕೋ ಎಂಬುದು ಅದರ ಸಾಲಿನಲ್ಲೂ ದಾಖಲಾಗಿರಲೇಬೇಕು. ಇಲ್ಲವಾದರೆ ಒಂದೇ ಮಾರಾಟಕ್ಕೆ ಎರಡು ಸಲ ತೆರಿಗೆ, ಇಲ್ಲವೇ ಒಂದು ಸಲವೂ ಇಲ್ಲ. ಎರಡನೆಯದು ಹೆಚ್ಚು ದುಬಾರಿ.

ಹಣದ ಅಂಕಣದ ವಿಧವನ್ನು ತಯಾರಕರಿಂದ ಕೇಳಿ ತಿಳಿಯಬೇಕು. ಗಣಕಯಂತ್ರದಲ್ಲಿ ದಶಾಂಶ ಸಂಖ್ಯೆಗಳನ್ನು ಇಡಲು ಫ್ಲೋಟ್ ಎಂಬ ಒಂದು ವಿಧವಿದೆ. ಅದು ದ್ವಿಮಾನ ಪದ್ಧತಿಯಲ್ಲಿ ಸಮೀಪದ ಬೆಲೆಯನ್ನು ಮಾತ್ರ ಹಿಡಿದಿಡುತ್ತದೆ, 0.1 ಮತ್ತು 0.2 ಕೂಡಿದರೆ ಅದರ ಪ್ರಕಾರ ಸರಿಯಾಗಿ 0.3 ಬರುವುದಿಲ್ಲ. ವಿಜ್ಞಾನದ ಗಣನೆಗೆ ಅದು ಸಾಕು, ವ್ಯಾಪಾರಕ್ಕೆ ಸಲ್ಲದು. ಹಣವನ್ನು ಡೆಸಿಮಲ್ ವಿಧದಲ್ಲಿ, ಇಲ್ಲವೇ ಪೂರ್ಣ ಪೈಸೆಗಳ ಲೆಕ್ಕದಲ್ಲಿ ಇಡಬೇಕು. ಪೈಸೆಯನ್ನು ಎಲ್ಲಿ ಪೂರ್ಣಗೊಳಿಸುತ್ತೇವೆ ಎಂಬುದನ್ನೂ ಒಮ್ಮೆ ನಿರ್ಧರಿಸಬೇಕು. 35 ರೂಪಾಯಿಯ ಕಾಫಿಗೆ ಕೇಂದ್ರದ ಶೇ. 2.5 ತೆರಿಗೆ 87.5 ಪೈಸೆ. ಮೂರು ಸಾಲುಗಳಲ್ಲಿ ಮೂರು ಕಾಫಿ ಇದ್ದು ಪ್ರತಿ ಸಾಲಿನಲ್ಲೂ 88 ಪೈಸೆಗೆ ಏರಿಸಿದರೆ ಒಟ್ಟು 2.64 ರೂಪಾಯಿ, 105 ರೂಪಾಯಿಯ ಮೇಲೆ ಒಮ್ಮೆಗೇ ಹಾಕಿದರೆ 2.63. ಒಂದು ಪೈಸೆಗಾಗಿ ಯಾರೂ ಜಗಳವಾಡುವುದಿಲ್ಲ ನಿಜ. ಆದರೆ ಬಿಲ್ಲು ಒಂದು ವಿಧಾನದಲ್ಲಿ, ತಿಂಗಳ ವರದಿ ಇನ್ನೊಂದು ವಿಧಾನದಲ್ಲಿ ಸಿದ್ಧವಾದರೆ ಅವೆರಡೂ ಎಂದಿಗೂ ತಾಳೆಯಾಗುವುದಿಲ್ಲ; ಗುಮಾಸ್ತನು ಪ್ರತಿ ತಿಂಗಳೂ ಒಂದು ದಿನವನ್ನು ಆ ಪೈಸೆಗಳ ಬೇಟೆಯಲ್ಲಿ ಕಳೆಯುತ್ತಾನೆ.

ಬಿಲ್ಲಿನ ಸಂಖ್ಯೆ ಹಾಗೂ ಆರ್ಡರಿನ ಸಂಖ್ಯೆ ಬೇರೆ ಬೇರೆಯಾಗಿರಲಿ. ದತ್ತಸಂಚಯವು ತಾನಾಗಿ ಕೊಡುವ ಆರ್ಡರ್ ಸಂಖ್ಯೆಗಳಲ್ಲಿ, ಅರ್ಧಕ್ಕೆ ನಿಂತ ವ್ಯವಹಾರಗಳಿಂದಾಗಿ ನಡುನಡುವೆ ಸಂಖ್ಯೆಗಳು ತಪ್ಪಿಹೋಗುತ್ತವೆ. ತೆರಿಗೆ ಬಿಲ್ಲಿಗಾದರೋ ಆರ್ಥಿಕ ವರ್ಷದಲ್ಲಿ ಪುನರಾವರ್ತನೆಯಾಗದ, 16 ಅಕ್ಷರಗಳನ್ನು ಮೀರದ ಅನುಕ್ರಮ ಸಂಖ್ಯೆ ಬೇಕು. ಬಿಲ್ಲು ನಿಜವಾಗಿ ಹೊರಡುವಾಗಷ್ಟೇ ಆ ಸಂಖ್ಯೆಯನ್ನು ಕೊಡುವ ಏರ್ಪಾಡು ಇರತಕ್ಕದ್ದು.

ಹಣ ಬಂದುದರ ದಾಖಲೆ

ಆರ್ಡರಿನ ಸಾಲಿನ ಪಕ್ಕದಲ್ಲಿ ‘ಹಣ ಬಂದಿದೆ – ಹೌದು/ಇಲ್ಲ’ ಎಂಬ ಒಂದು ಗುರುತು ಸಾಲದು. ಗಿರಾಕಿಯ ಮೊದಲ ಯುಪಿಐ ಪ್ರಯತ್ನ ವಿಫಲವಾಗಿ ಎರಡನೆಯದು ಸಫಲವಾಗಬಹುದು. ಅರ್ಧ ಹಣ ಮುಂಗಡವಾಗಿ, ಉಳಿದರ್ಧ ಬಾಗಿಲಲ್ಲಿ ಬರಬಹುದು. ಒಂದು ತಿನಿಸು ಮುಗಿದುಹೋದುದರಿಂದ ಅದರ ಹಣವನ್ನು ಮರಳಿಸಬೇಕಾಗಬಹುದು. ಪಾವತಿಗಳ ಕೋಷ್ಟಕದಲ್ಲಿ ಪ್ರತಿ ಪ್ರಯತ್ನಕ್ಕೂ ಒಂದು ಸಾಲು: ಆರ್ಡರ್ ಸಂಖ್ಯೆ, ವಿಧಾನ, ಮೊತ್ತ, ವೇಳೆ, ಫಲಿತಾಂಶ, ಬ್ಯಾಂಕಿನ ಉಲ್ಲೇಖ ಸಂಖ್ಯೆ. ಮರಳಿಸಿದ ಹಣವೂ ಇಲ್ಲಿಯೇ ಋಣ ಮೊತ್ತವಾಗಿ ಬರಲಿ. ಉಲ್ಲೇಖ ಸಂಖ್ಯೆಯ ಅಂಕಣಕ್ಕೆ ‘ಪುನರಾವರ್ತನೆ ಸಲ್ಲದು’ ಎಂಬ ನಿರ್ಬಂಧ ಹಾಕಿಸುವುದು ಅತ್ಯವಶ್ಯ. ಪಾವತಿ ಸೇವಾ ಸಂಸ್ಥೆಗಳು ‘ಹಣ ಬಂದಿದೆ’ ಎಂಬ ಸಂದೇಶವನ್ನು ಒಮ್ಮೊಮ್ಮೆ ಎರಡು ಸಲ ಕಳುಹಿಸುತ್ತವೆ. ನಿರ್ಬಂಧವಿಲ್ಲದಿದ್ದರೆ ಒಂದೇ ಹಣ ಎರಡು ಸಲ ಜಮೆಯಾಗಿ ಕಾಣುತ್ತದೆ. ಗ್ರಾಹಕರ ಕಾರ್ಡಿನ ಸಂಖ್ಯೆಯನ್ನಂತೂ ಎಲ್ಲಿಯೂ ಇಟ್ಟುಕೊಳ್ಳುವಂತಿಲ್ಲ; ರಿಸರ್ವ್ ಬ್ಯಾಂಕಿನ ಆದೇಶದ ಪ್ರಕಾರ ವರ್ತಕರು ಅದನ್ನು ಸಂಗ್ರಹಿಸಿಡುವುದು 2022ರ ಅಕ್ಟೋಬರ್ 1ರಿಂದ ನಿಷಿದ್ಧ.

ಆರ್ಡರಿನ ಸ್ಥಿತಿಯನ್ನೂ ಹೀಗೆಯೇ ಪ್ರತ್ಯೇಕ ಕೋಷ್ಟಕದಲ್ಲಿ, ಒಂದರ ಕೆಳಗೊಂದು ಸಾಲಾಗಿ ಬರೆಯಿಸಬೇಕು: ಬಂದಿತು, ಒಪ್ಪಲಾಯಿತು, ಅಡಿಗೆಮನೆಗೆ ಹೋಯಿತು, ಹೊರಟಿತು, ತಲುಪಿತು ಅಥವಾ ರದ್ದಾಯಿತು, ಪ್ರತಿಯೊಂದಕ್ಕೂ ವೇಳೆ. ಹಿಂದಿನದನ್ನು ಅಳಿಸಿ ಮುಂದಿನದನ್ನು ಬರೆಯುತ್ತ ಹೋದರೆ, ದೋಸೆ ತಣ್ಣಗಾಗಿ ತಲುಪಿತೆಂಬ ದೂರು ಬಂದಾಗ ವಿಳಂಬವಾದದ್ದು ಕಾವಲಿಯ ಮುಂದೋ ದಾರಿಯಲ್ಲೋ ತಿಳಿಯುವುದಿಲ್ಲ. ರದ್ದಾದ ಆರ್ಡರನ್ನು ಅಳಿಸಲೇಬಾರದು. ಸರಕು ಮತ್ತು ಸೇವಾ ತೆರಿಗೆಯ ಕಾನೂನಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕಾಗಿದೆ.

ಒಪ್ಪಿಗೆ ನೀಡುವ ಮುನ್ನ

ಸಣ್ಣ ಹೋಟೆಲಿಗೆ ಹತ್ತು-ಹನ್ನೆರಡು ಕೋಷ್ಟಕಗಳು ಸಾಕು. ಅರವತ್ತು ಕೋಷ್ಟಕಗಳ ನಕ್ಷೆಯನ್ನು ತಂದು ಮುಂದಿಟ್ಟರೆ, ಬೇರಾವುದೋ ದೊಡ್ಡ ಸಂಸ್ಥೆಗೆ ಮಾಡಿದ್ದನ್ನು ಹಾಗೆಯೇ ಮಾರುತ್ತಿದ್ದಾರೆಂದು ಶಂಕಿಸುವುದು ತಪ್ಪಲ್ಲ.

ನಕ್ಷೆಯನ್ನು ಪರೀಕ್ಷಿಸಲು ಗಣಕಯಂತ್ರವೇ ಬೇಕಿಲ್ಲ. ಬಿಲ್ಲು ಪುಸ್ತಕದಿಂದ, ಗದ್ದಲವಿದ್ದ ಒಂದು ಭಾನುವಾರದ ಇಪ್ಪತ್ತು ಬಿಲ್ಲುಗಳನ್ನು ಆರಿಸಿಕೊಳ್ಳಿ. ಅವುಗಳಲ್ಲಿ ಒಂದು ರದ್ದಾದದ್ದು, ಒಂದು ಅರ್ಧ ಹಣ ಬಂದದ್ದು, ಒಂದು ಬೇರೆಯವರ ಮನೆಗೆ ಕಳುಹಿಸಿದ್ದು, ದರ ಬದಲಾದ ದಿನದ ಹಿಂದು ಮುಂದಿನವು ಇರಲಿ. ಕೋಷ್ಟಕಗಳ ಅಂಕಣಗಳನ್ನು ಹಾಳೆಯ ಮೇಲೆ ಗೀಚಿ, ತಯಾರಕರನ್ನು ಎದುರಿಗೆ ಕೂರಿಸಿಕೊಂಡು, ಒಂದೊಂದೇ ಬಿಲ್ಲನ್ನು ಪೆನ್ಸಿಲಿನಿಂದ ಅದರೊಳಗೆ ತುಂಬಿಸಿ. ಎಲ್ಲಿ ಬರೆಯಲು ಜಾಗ ಸಿಗುವುದಿಲ್ಲವೋ, ಎಲ್ಲಿ ಒಂದೇ ಮಾತನ್ನು ಎರಡು ಸಲ ಬರೆಯಬೇಕಾಗುತ್ತದೋ ಅಲ್ಲಿ ನಕ್ಷೆ ತಿದ್ದಬೇಕು. ಹಾಳೆಯ ಮೇಲೆ ಒಂದು ಅಂಕಣ ಸೇರಿಸಲು ಅರ್ಧ ನಿಮಿಷ ಹಿಡಿಯುತ್ತದೆ. ವ್ಯವಹಾರ ನಡೆಯುತ್ತಿರುವ ದತ್ತಸಂಚಯದಲ್ಲಿ ಅದನ್ನೇ ಸೇರಿಸುವುದು ಕಷ್ಟವಾಗದಿರಬಹುದು, ಆದರೆ ಹಿಂದಿನ ಸಾವಿರಾರು ಸಾಲುಗಳಿಗೆ ಆ ಅಂಕಣದಲ್ಲಿ ತುಂಬಬೇಕಾದ ಮಾಹಿತಿ ಎಲ್ಲಿಂದಲೂ ಸಿಗುವುದಿಲ್ಲ.

ಒಪ್ಪಂದದ ಪತ್ರದಲ್ಲಿ ಎರಡು ಷರತ್ತುಗಳನ್ನು ಬರೆಯಿಸಿಕೊಳ್ಳಬೇಕು. ಎಲ್ಲ ಕೋಷ್ಟಕಗಳ ಸಂಪೂರ್ಣ ಪ್ರತಿಯನ್ನು, ಬೇರೆ ತಂತ್ರಾಂಶದಲ್ಲಿಯೂ ತೆರೆಯಬಲ್ಲ ಸಾಮಾನ್ಯ ರೂಪದಲ್ಲಿ, ಮಾಲೀಕನು ಕೇಳಿದಾಗಲೆಲ್ಲ ಕೊಡತಕ್ಕದ್ದು ಎಂಬುದು ಒಂದು. ಕೋಷ್ಟಕಗಳ ಹಾಗೂ ಅಂಕಣಗಳ ಅರ್ಥವನ್ನು ವಿವರಿಸುವ ಪತ್ರವನ್ನು ಅದರೊಡನೆ ಒದಗಿಸತಕ್ಕದ್ದು ಎಂಬುದು ಇನ್ನೊಂದು. ಎರಡನೆಯದಿಲ್ಲದೆ ಮೊದಲನೆಯದರಿಂದ ಪ್ರಯೋಜನ ಕಡಿಮೆ. ‘ಎಫ್7’ ಎಂಬ ಹೆಸರಿನ ಅಂಕಣದಲ್ಲಿ ಇರುವುದು ತೆರಿಗೆಯೋ ರಿಯಾಯಿತಿಯೋ ಎಂಬುದು ಅದನ್ನು ಬರೆದವನಿಗೆ ಮಾತ್ರ ಗೊತ್ತಿರುತ್ತದೆ. ಪ್ರತಿಯನ್ನು ತಿಂಗಳಿಗೊಮ್ಮೆ ಪಡೆದು, ಬೇರೊಂದು ಯಂತ್ರದಲ್ಲಿ ತೆರೆದು, ಆ ತಿಂಗಳ ಯಾವುದಾದರೂ ಒಂದು ದಿನದ ಮಾರಾಟವನ್ನು ಗಲ್ಲಾದ ಲೆಕ್ಕದೊಂದಿಗೆ ತಾಳೆ ನೋಡುವ ಕೆಲಸವನ್ನು ಅಂಗಡಿಯ ಗುಮಾಸ್ತರಿಗೇ ವಹಿಸಬಹುದು.